ಬೆಂಕಿಯ ಪಾಲಿನ ನೀರು

ನೀರು ಪೂರೈಕೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ಯಾವ ಪರೀಕ್ಷೆ ಪಾಸು ಮಾಡಿದರೆ ಬೇಗ ಮೇಲೆ ಹೋಗಬಹುದು ಎಂದು. ನಾನು ಮೇಲೆ ಹೋದದ್ದು ಹೆಚ್ಚಾಗಿ ಟ್ಯಾಂಕಿನ ಏಣಿ ಹತ್ತಿ. ಅದಕ್ಕೆ ಪರೀಕ್ಷೆ ಇರಲಿಲ್ಲ, ಮೊಣಕಾಲು ಗಟ್ಟಿಯಿದ್ದರೆ ಸಾಕಿತ್ತು. ಬಡ್ತಿಗಳು ಬಂದವು, ಯಾವ ವರ್ಷ ಯಾವ ಹುದ್ದೆಯಲ್ಲಿದ್ದೆ ಎಂಬುದನ್ನು ಈಗ ನನ್ನ ಗಂಡನನ್ನೇ ಕೇಳಿ ತಿಳಿಯಬೇಕು. ಅದನ್ನು ಬಿಟ್ಟು, ಈ ಕೆಲಸದಲ್ಲಿ ನಾನು ಬಾಯಿ ಬಿಟ್ಟುಕೊಂಡು ನಿಂತ ಕೆಲವು ಗಳಿಗೆಗಳನ್ನು ಬರೆದಿಡುತ್ತೇನೆ. ನಿಮಗೂ ಅಂಥವು ಬರಲಿ ಎಂದು ನನ್ನ ಆಸೆ. ಬರದಿದ್ದರೆ ನೀವು ತಪ್ಪು ಕೆಲಸಕ್ಕೆ ಸೇರಿದ್ದೀರಿ ಎಂದೇ ನನ್ನ ಅಭಿಪ್ರಾಯ.

ನಾನು ಬಾಗಲಕೋಟೆ ಕಡೆಯವಳು, ಅಲ್ಲೇ ಸಿವಿಲ್ ಎಂಜಿನಿಯರಿಂಗ್ ಓದಿದವಳು. ನಮ್ಮ ಓಣಿಗೆ ನಳ ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ‘ನಳಾ ಬಂತು’ ಎಂದು ಯಾರಾದರೂ ಕೂಗಿದರೆ ಉಣ್ಣುತ್ತಿದ್ದವರು ಕೈ ತೊಳೆಯದೆ ಏಳುತ್ತಿದ್ದರು. ಮೊದಲು ಹಳೆಯ ನೀರನ್ನು ಚೆಲ್ಲಬೇಕು, ಆಮೇಲೆ ಹೊಸ ನೀರು ತುಂಬಬೇಕು, ಇದು ನಿಯಮ. ತಂಗಳನ್ನ ಉಂಡರೂ ಉಂಡೇವು, ತಂಗಳು ನೀರು ಕುಡಿಯುವವರಲ್ಲ ನಾವು. ಹೀಗೆ ಎಂಟು ದಿನ ಜೋಪಾನ ಮಾಡಿದ ನೀರನ್ನು ಒಂದೇ ನಿಮಿಷದಲ್ಲಿ ಗಟಾರಕ್ಕೆ ಚೆಲ್ಲಿ, ಅದೇ ಪೈಪಿನ ಅದೇ ನೀರನ್ನು ಮತ್ತೆ ತುಂಬುತ್ತಿದ್ದೆವು. ರಾತ್ರಿ ಮನೆಯಲ್ಲಿ ಕೊಡ ಖಾಲಿ ಇಡುತ್ತಿರಲಿಲ್ಲ. ಈ ಎರಡು ಅಭ್ಯಾಸಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಗಂಡನ ಕೆಲಸದ ಹಿಂದೆ ಲಾಸ್ ಏಂಜಲಿಸ್‌ಗೆ ಬಂದು, 2001ರಲ್ಲಿ ಅಲ್ಲಿಯ ಒಂದು ನೀರು ಸರಬರಾಜು ಕಚೇರಿಗೆ ಸೇರಿದೆ. ನನ್ನ ಮೇಲಧಿಕಾರಿ ಗ್ಲೋರಿಯಾ ಎಂಬ ಹೆಂಗಸು. ಆರಡಿ ಎತ್ತರ, ಬಿಸಿಲಿಗೆ ಕಂದಿದ ಮುಖ, ನಗು ಕಡಿಮೆ. ಕಚೇರಿಯಲ್ಲಿ ಯಾರ ಮೇಜಿನ ಮೇಲಾದರೂ ಅಂಗಡಿಯ ನೀರಿನ ಬಾಟಲಿ ಕಂಡರೆ ಎತ್ತಿ ಕಸದ ಬುಟ್ಟಿಗೆ ಹಾಕುತ್ತಿದ್ದಳು. ನಾವು ಕಳಿಸುವ ನೀರನ್ನು ನಾವೇ ಕುಡಿಯದಿದ್ದರೆ ಊರು ಯಾಕೆ ಕುಡಿಯಬೇಕು ಎಂದು ಕೇಳುತ್ತಿದ್ದಳು. ಮೊದಲ ಒಂದು ತಿಂಗಳು ಅವಳು ನನಗೆ ಅಕ್ಷರಶಃ ನೀರು ಕುಡಿಸಿದಳು.

ಸೇರಿದ ಮೊದಲ ವಾರವೇ ನನ್ನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಪೂರ್ವಕ್ಕೆ ಹೊರಟಳು. ನಮ್ಮ ನಳದ ನೀರು ಎಲ್ಲಿಂದ ಬರುತ್ತದೆ ನೋಡು ಎಂದಷ್ಟೇ ಹೇಳಿದಳು. ಗಂಟೆಗಟ್ಟಲೆ ಹೋದರೂ ಮರುಭೂಮಿ ಮುಗಿಯಲಿಲ್ಲ. ಬೂದು ಬಣ್ಣದ ಗುಡ್ಡ, ಮುಳ್ಳುಕಂಟಿ, ಕಣ್ಣು ಕುಕ್ಕುವ ಬಿಸಿಲು, ಹಕ್ಕಿಯೂ ಇಲ್ಲ. ಒಂದು ತಿರುವು ದಾಟಿದ್ದೇ ತಡ, ಆ ಬಯಲಿನ ನಡುವೆ ಕಾಂಕ್ರೀಟಿನ ಕಾಲುವೆಯಲ್ಲಿ ಹಸಿರು ನೀರು ತುಂಬಿ ಹರಿಯುತ್ತಿತ್ತು. ಎಲ್ಲೋ ದೂರದ ಕೊಲೊರಾಡೊ ನದಿಯ ನೀರು. ಅದಕ್ಕೆ ಒಂದಿಷ್ಟೂ ಸದ್ದಿರಲಿಲ್ಲ. ಮುಂದೆ ಪಂಪ್‌ಹೌಸ್ ಇತ್ತು, ಅದರ ಬೆನ್ನಿಗೆ ದೊಡ್ಡ ಗುಡ್ಡ, ಗುಡ್ಡದ ಮೈಮೇಲೆ ಆಳೆತ್ತರಕ್ಕಿಂತ ದಪ್ಪನಾದ ಪೈಪುಗಳು. ನೀರು ಇಳಿಯುತ್ತದೆ ಎಂದು ಓದಿ ಡಿಗ್ರಿ ತೆಗೆದುಕೊಂಡವಳು ನಾನು. ಅಲ್ಲಿ ಒಂದು ಹೊಳೆಯೇ ಗುಡ್ಡ ಹತ್ತಿ ಹೋಗುತ್ತಿತ್ತು. ಪೈಪಿನ ಮೇಲೆ ಕೈಯಿಟ್ಟೆ, ಒಳಗಿನ ನಡುಕ ನನ್ನ ಭುಜದವರೆಗೆ ಬಂತು. ನನಗೆ ಅಳು ಬಂತೆಂದು ಹೇಳಲು ಈಗ ನಾಚಿಕೆಯಿಲ್ಲ.

ಮರಳುವಾಗ ಕಾಲುವೆಯ ಸೇತುವೆ ಸಿಕ್ಕಿತು. ನಮ್ಮ ಕಡೆ ಬಸ್ಸು ಕೃಷ್ಣೆಯ ಸೇತುವೆ ಹತ್ತಿದರೆ ಕಿಟಕಿ ಪಕ್ಕದವರೆಲ್ಲ ಕೈಮುಗಿದು ಹೊಳೆಗೊಂದು ನಾಣ್ಯ ಹಾಕುತ್ತಾರೆ. ಗ್ಲೋರಿಯಾ ಗೇಟಿನ ಬೀಗ ಹಾಕಲು ಇಳಿದಾಗ ನಾನೂ ಇಳಿದು, ಕೈಮುಗಿದು, ಪರ್ಸಿನಲ್ಲಿದ್ದ ಕಾಲು ಡಾಲರಿನ ಕ್ವಾರ್ಟರ್ ನಾಣ್ಯವೊಂದನ್ನು ಕಾಲುವೆಗೆ ಹಾಕಿದೆ. ಅವಳು ಸದ್ದು ಕೇಳಿ ತಿರುಗಿದಳು. ಏನು ಎಸೆದೆ ಎಂದು ಕೇಳಿದಳು. ಇದು ಲಕ್ಷಾಂತರ ಜನ ಕುಡಿಯುವ ನೀರು, ನೀನು ನೀರಿನ ಎಂಜಿನಿಯರ್, ಅದಕ್ಕೆ ಲೋಹದ ಚೂರು ಹಾಕುತ್ತೀಯಾ ಎಂದು ಬೈದಳು. ಹೊಳೆಯ ಮುಂದೆ ಬರಿಗೈಯಲ್ಲಿ ಹಾದುಹೋಗಬಾರದು, ಅದು ತಾಯಿ ಎಂದು ನಮ್ಮಲ್ಲಿ ನಂಬುತ್ತೇವೆ ಎಂದು ತೊದಲಿದೆ. ಅವಳು ಬೀಗ ಹಾಕಿ ಬಂದು ಟ್ರಕ್ಕು ಹೊರಡಿಸಿದಳು. ಊರು ಹತ್ತಿರ ಬಂದಾಗ ಹೇಳಿದಳು:

“ಮುಂದಿನ ಸಲ ಬರಿಗೈಯಲ್ಲೇ ಥ್ಯಾಂಕ್ಸ್ ಹೇಳು. ನದಿ ತಪ್ಪು ತಿಳಿಯುವುದಿಲ್ಲ.”

ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಅರ್ಥವಾಗತೊಡಗಿದೆವು.

ಎರಡನೆಯ ಎಡವಟ್ಟು ಸ್ಯಾನ್ ಪೀಡ್ರೊದಲ್ಲಿ. ಅಲ್ಲಿ ಬಂದರಿನ ಹಿಂದುಗಡೆ, ಕಂಟೇನರ್ ಹೊತ್ತ ಲಾರಿಗಳು ಸಾಲುಗಟ್ಟುವ ರಸ್ತೆಯಂಚಿನಲ್ಲಿ, ಸಾಲಾಗಿ ಬೋರ್‌ವೆಲ್‌ಗಳಿವೆ. ಮೀಟರುಗಳನ್ನು ಪರೀಕ್ಷಿಸಿ ಬಾ ಎಂದು ಕಳಿಸಿದ್ದರು. ಒಂದೊಂದೇ ಮುಚ್ಚಳ ತೆಗೆದು ನೋಡುತ್ತ ಹೋದೆ. ಎಲ್ಲ ಮೀಟರುಗಳನ್ನೂ ತಿರುವುಮುರುವಾಗಿ ಕೂರಿಸಿದ್ದರು. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ, ನಾನೇ ಕಂಡುಹಿಡಿದೆನಲ್ಲ ಎಂದು ಹಿಗ್ಗುತ್ತ ಬಂದು ಗ್ಲೋರಿಯಾಗೆ ವರದಿ ಮಾಡಿದೆ. ಅವಳು ಅಷ್ಟು ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಅವು ನೀರೆತ್ತುವ ಬಾವಿಗಳಲ್ಲ, ನೀರನ್ನು ನೆಲದೊಳಕ್ಕೆ ಇಳಿಸುವ ಬಾವಿಗಳು. ಆ ಊರವರು ಬಹಳ ವರ್ಷ ನೆಲದ ನೀರನ್ನು ಎತ್ತಿ ಎತ್ತಿ, ಖಾಲಿಯಾದ ಜಾಗಕ್ಕೆ ಸಮುದ್ರ ನುಗ್ಗತೊಡಗಿತಂತೆ. ಅದನ್ನು ತಡೆಯಲು ದಂಡೆಯುದ್ದಕ್ಕೂ ಸಿಹಿನೀರನ್ನು ಒತ್ತಿ ಇಳಿಸುತ್ತಾರೆ. ನೆಲದಡಿಯಲ್ಲಿ ಸಿಹಿನೀರಿನದೇ ಒಂದು ಗೋಡೆ ಎದ್ದು, ಆ ಕಡೆ ಸಮುದ್ರ, ಈ ಕಡೆ ಕುಡಿಯುವ ನೀರು ನಿಂತಿರುತ್ತದೆ. ಒಂದೊಂದು ಹನಿಗೆ ಬಾಯಿಬಿಡುವ ಊರಿನಲ್ಲಿ ಯಾರೂ ಕುಡಿಯದ ನೀರನ್ನು ದಿನವೂ ಸಮುದ್ರದ ಎದುರು ನಿಲ್ಲಿಸುತ್ತಾರೆ! ನಾನು ಮಾರನೆಯ ದಿನ ಯಾರೂ ಕಳಿಸದಿದ್ದರೂ ಹೋಗಿ ಆ ರಸ್ತೆಯಲ್ಲಿ ನಿಂತು ಬಂದೆ. ಮೇಲೆ ಲಾರಿಗಳು ಹೋಗುತ್ತಿದ್ದವು, ಕಾಲ ಕೆಳಗೆ ಆ ಗೋಡೆಯಿತ್ತು.

2003ರಲ್ಲಿ ಗ್ಲೋರಿಯಾ ಸ್ಯಾನ್ ಡಿಯಾಗೋದ ಉತ್ತರ ಭಾಗದ ಒಂದು ನೀರು ಸರಬರಾಜು ಕಚೇರಿಯ ಮುಖ್ಯಸ್ಥೆಯಾಗಿ ಹೋದಳು. ನನ್ನನ್ನೂ ಕರೆದಳು. ನಾವು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ ಹಿಡಿದೆವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರಲ್ಲ, ಹಾಗೆ ಅಲ್ಲಿಯ ಕನ್ನಡದವರೆಲ್ಲ ತಾವಾಗಿಯೇ ಪರಿಚಯವಾದರು. ಬಿಲ್ ಜಾಸ್ತಿ ಬಂದಿದೆ, ಪ್ರೆಷರ್ ಕಡಿಮೆಯಾಗಿದೆ ಎಂದು ಪೂಜೆಗೆ ಹೋದಲ್ಲೂ ನನ್ನನ್ನು ಹಿಡಿಯುತ್ತಿದ್ದರು.

ಆ ವರ್ಷಗಳಲ್ಲೇ ಗುಡ್ಡಗಳಾಚೆಯ ಮರುಭೂಮಿಯ ರೈತರು ತಮ್ಮ ಪಾಲಿನ ನೀರಿನಲ್ಲಿ ಒಂದಿಷ್ಟನ್ನು ಸ್ಯಾನ್ ಡಿಯಾಗೋಗೆ ಬಿಟ್ಟುಕೊಡುವ ಒಪ್ಪಂದವಾಯಿತು. ಪುಕ್ಕಟೆ ಅಲ್ಲ, ಪರಿಹಾರ ಇತ್ತು. ಆದರೂ ನೋಡಿ ಬರೋಣ ಎಂದು ಒಂದು ಸಲ ಹೋದೆ. ರಸ್ತೆಯ ಒಂದು ಬದಿ ಕಣ್ಣು ಹಾಯುವವರೆಗೆ ಮೇವಿನ ಬೆಳೆ, ಇನ್ನೊಂದು ಬದಿ ಬೀಳುಬಿಟ್ಟ ಹೊಲ, ಹೆಂಟೆ ಕೂಡ ಒಡೆದಿರಲಿಲ್ಲ. ನಮ್ಮ ಕಡೆ ಹೊಲ ಬೀಳುಬಿಟ್ಟವನನ್ನು ಕೈಲಾಗದವನು ಎನ್ನುತ್ತಾರೆ. ಇಲ್ಲಿ ಆ ಹೊಲ ನನ್ನ ಅಡುಗೆಮನೆಯ ನಳಕ್ಕಾಗಿ ಸುಮ್ಮನೆ ಬಿದ್ದಿತ್ತು. ಮನೆಗೆ ಬಂದು ಪಾತ್ರೆ ತೊಳೆಯಲು ನಳ ತಿರುಗಿಸಿದಾಗ ಕೈ ತಡೆಯಿತು.

ಈಗ ಟ್ಯಾಂಕಿನ ವಿಷಯಕ್ಕೆ ಬರುತ್ತೇನೆ. ಸ್ಯಾನ್ ಡಿಯಾಗೋದಲ್ಲಿ ಪ್ರತಿ ಗುಡ್ಡದ ನೆತ್ತಿಯ ಮೇಲೂ ಒಂದು ಟ್ಯಾಂಕ್ ಇರುತ್ತದೆ, ಗುಡ್ಡದ ಬಣ್ಣವನ್ನೇ ಬಳಿದು ಮರೆಮಾಡಿರುತ್ತಾರೆ. ಅಲ್ಲಿಗೆ ಬಂದ ಮೊದಲ ವಾರ ಗ್ಲೋರಿಯಾ ನನ್ನನ್ನು ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯ ಪೂರ್ವಕ್ಕಿರುವ ಸಣ್ಣ ಟ್ಯಾಂಕೊಂದಕ್ಕೆ ಹತ್ತಿಸಿ ಮುಚ್ಚಳ ತೆಗೆದಳು. ಒಳಗೆ ಕತ್ತಲು, ತಂಪು, ನಮ್ಮ ಮಾತು ನಮಗೇ ಮರಳಿ ಬರುತ್ತಿತ್ತು. ಕೆಳಗಿಳಿದ ಮೇಲೆ ಉಕ್ಕಿನ ಗೋಡೆಯನ್ನು ತನ್ನ ತಲೆಯ ಮಟ್ಟದಲ್ಲಿ ಗೆಣ್ಣಿನಿಂದ ಬಡಿದು, ಇಲ್ಲಿಂದ ಕೆಳಗಿರುವ ನೀರು ನಮ್ಮದಲ್ಲ ಎಂದಳು. ಮತ್ತೆ ಯಾರದು ಎಂದು ಕೇಳಿದೆ.

“ಬೆಂಕಿಯದು.”

ಟ್ಯಾಂಕಿನ ತಳದ ನೀರನ್ನು ಬೆಂಕಿ ಆರಿಸುವುದಕ್ಕೆಂದೇ ಎತ್ತಿಟ್ಟಿರುತ್ತಾರೆ. ಅದೇ ನೀರು ಕೊಳೆಯುತ್ತ ನಿಂತಿರುವುದಿಲ್ಲ, ಹಳೆಯದು ಹೋಗಿ ಹೊಸದು ಬರುತ್ತಲೇ ಇರುತ್ತದೆ. ಆದರೆ ಮಟ್ಟ ಮಾತ್ರ ಆ ಗೆರೆಯಿಂದ ಕೆಳಗೆ ಇಳಿಯಕೂಡದು. ಮೊದಲೆಲ್ಲ ಟ್ಯಾಂಕಿಗೆ ಹೋಗಿ ಹೊರಗಿನ ಪಟ್ಟಿ ನೋಡಿಯೇ ಮಟ್ಟ ತಿಳಿಯಬೇಕಿತ್ತು. ಆಮೇಲೆ ಕಚೇರಿಯ ಕಂಪ್ಯೂಟರ್ ಪರದೆಯಲ್ಲೇ ಕಾಣತೊಡಗಿತು, ಬೆಂಕಿಯ ಪಾಲಿಗೆ ಅಲ್ಲೊಂದು ಕೆಂಪು ಗೆರೆ. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬ ಗಾದೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಪಾಲಿಸಿದವರನ್ನು ಕಂಡದ್ದು ಅಲ್ಲೇ. ಇನ್ನೂ ಹತ್ತದ ಬೆಂಕಿಗಾಗಿ, ಯಾರ ಮನೆಯೋ ತಿಳಿಯದ ಮನೆಗಾಗಿ, ಗುಡ್ಡಗುಡ್ಡದ ಮೇಲೂ ನೀರು ಕಾಯುತ್ತ ಕೂತಿದೆ. ನನಗೆ ದೇವಸ್ಥಾನಗಳಲ್ಲಿ ಅಷ್ಟೇನೂ ಭಕ್ತಿ ಹುಟ್ಟುವುದಿಲ್ಲ. ಆ ಟ್ಯಾಂಕಿನ ಬುಡದಲ್ಲಿ ಹುಟ್ಟಿತು.

ಆ ಟ್ಯಾಂಕಿನ ಕೆಳಗೆ, ಗುಡ್ಡದಂಚಿನ ಹಳೆಯ ಬಡಾವಣೆಯಲ್ಲಿ, ಶಿವಾನಂದ ಪಾಟೀಲರ ಮನೆ. ಶಿವಾನಂದ ಟೆಲಿಕಾಂ ಎಂಜಿನಿಯರ್, ಹೆಂಡತಿ ಸುಮಂಗಲಾ, ಒಬ್ಬಳು ಮಗಳು. ಗುಳೇದಗುಡ್ಡದಿಂದ ಅವನ ತಾಯಿ ನೀಲವ್ವ ಬಂದು ಇವರ ಜೊತೆಗಿದ್ದರು. ಎಪ್ಪತ್ತು ದಾಟಿದ ಜೀವ, ಹಣೆಗೆ ವಿಭೂತಿ, ಬಾಯಿ ಸ್ವಲ್ಪ ಜೋರು. ಸೂಟ್‌ಕೇಸಿನಲ್ಲಿ ಸೀರೆ ಕಡಿಮೆ ಮಾಡಿ ತಾಮ್ರದ ಕೊಡ ತಂದವರು.

ಅಲ್ಲಿ ಚಳಿಗಾಲದಲ್ಲಿ ಒಮ್ಮೊಮ್ಮೆ ದೊಡ್ಡ ಪೈಪನ್ನು ಪರೀಕ್ಷಿಸಲು ಕೆಲವು ದಿನ ಮುಚ್ಚುತ್ತಾರೆ. ಆಗ ಹೊಸ ನೀರು ಬರುವುದಿಲ್ಲ, ಟ್ಯಾಂಕುಗಳಲ್ಲಿ ತುಂಬಿಟ್ಟದ್ದರಲ್ಲೇ ಊರು ನಡೆಯಬೇಕು. ನಳದಲ್ಲಿ ನೀರು ಬಂದೇ ಬರುತ್ತದೆ, ಹುಲ್ಲಿಗೆ ಮಾತ್ರ ಹಾಕಬೇಡಿ ಎಂದು ಮನೆಮನೆಗೆ ನೋಟಿಸು ಹೋಗುತ್ತದೆ. 2006ರ ಚಳಿಗಾಲದಲ್ಲೂ ಹೋಗಿತ್ತು. ಎರಡನೆಯ ದಿನ ಬೆಳಿಗ್ಗೆ ಪರದೆ ನೋಡುತ್ತೇನೆ, ಉಳಿದ ಟ್ಯಾಂಕುಗಳೆಲ್ಲ ನಾವು ಲೆಕ್ಕ ಹಾಕಿದಂತೆ ಮೆಲ್ಲಗೆ ಇಳಿಯುತ್ತಿವೆ, ಈ ಸಣ್ಣ ಟ್ಯಾಂಕ್ ಮಾತ್ರ ಬೆಳಗಿನ ಜಾವಕ್ಕೇ ದಬಕ್ಕನೆ ಇಳಿದಿದೆ. ಮೂರನೆಯ ದಿನವೂ ಹಾಗೆಯೇ. ಕೆಂಪು ಗೆರೆ ಹತ್ತಿರವಾಗುತ್ತಿತ್ತು. ಗ್ಲೋರಿಯಾ ಪೈಪು ಒಡೆದಿದೆ ಎಂದು ಹುಡುಕಲು ಜನರನ್ನು ಕಳಿಸಿದಳು, ಎಲ್ಲೂ ಒಡೆದಿರಲಿಲ್ಲ. ನಾನು ಪರದೆಯ ಮೇಲೆ ಟ್ಯಾಂಕಿನ ಮಟ್ಟ ತೋರಿಸುವ ಗೀಟನ್ನೇ ನೋಡುತ್ತ ಕೂತೆ. ಬೆಳಗಿನ ಜಾವ, ದಿನವೂ ಅದೇ ಹೊತ್ತಿಗೆ. ಆ ಓಣಿಗಳಲ್ಲಿ ಅರ್ಧಕ್ಕರ್ಧ ನಮ್ಮವರು, ಉಳಿದವರಲ್ಲೂ ಆಂಧ್ರದವರು, ತಮಿಳರು. ನನಗೆ ಥಟ್ಟನೆ ನಮ್ಮೂರ ಓಣಿ ಕಣ್ಣಮುಂದೆ ಬಂತು. ಗ್ಲೋರಿಯಾಗೆ ಏನೂ ಹೇಳದೆ ಕಾರು ಹತ್ತಿದೆ.

ಪಾಟೀಲರ ಮನೆಯಲ್ಲಿ ಎರಡೂ ಬಾತ್‌ಟಬ್ ತುಂಬಿದ್ದವು. ಗ್ಯಾರೇಜಿನಲ್ಲಿ ಕಸದ ಡ್ರಮ್ಮು ತೊಳೆದು ತುಂಬಿದ್ದರು. ಬಕೆಟ್, ಕುಕ್ಕರ್, ಮೊಮ್ಮಗಳ ಆಟದ ಪ್ಲಾಸ್ಟಿಕ್ ಈಜುಕೊಳ, ಎಲ್ಲ ತುಂಬಿ ತಟ್ಟೆ ಮುಚ್ಚಿಟ್ಟಿದ್ದರು. ಅದೊಂದೇ ಆಗಿದ್ದರೆ ಮೊದಲ ದಿನಕ್ಕೇ ಮುಗಿಯುತ್ತಿತ್ತು. ನೀಲವ್ವ ದಿನಾ ಬೆಳಿಗ್ಗೆ ಎದ್ದು ಹಿಂದಿನ ದಿನದ ತಂಗಳು ನೀರನ್ನೆಲ್ಲ ಹಿತ್ತಲ ಹುಲ್ಲಿಗೆ ಚೆಲ್ಲಿಸಿ ಹೊಸದು ತುಂಬಿಸುತ್ತಿದ್ದರು. ಫೋನಿನಲ್ಲಿ ಪರಿಚಯದವರಿಗೆಲ್ಲ ಹಾಗೇ ಮಾಡಿ ಎಂದು ಹೇಳಿಯೂ ಇದ್ದರು. ಅವರಿಂದ ಅವರಿಗೆ, ಇವರಿಂದ ಇವರಿಗೆ ಸುದ್ದಿ ಹಬ್ಬಿ, ಹನಿಹನಿ ಕೂಡಿ ಹಳ್ಳವಾಗಿ, ನನ್ನ ಟ್ಯಾಂಕ್ ಇಳಿದಿತ್ತು. ಸುಮಂಗಲಾ ನನ್ನ ಮುಖ ನೋಡಿ ಅತ್ತೆಯ ಕಡೆ ಕೈ ತೋರಿಸಿ ಒಳಗೆ ಹೋದಳು.

“ಹತ್ತ ದಿನಾ ಪೈಪ್ ಬಂದ್ ಅಂದ್ರ ತುಂಬಿ ಇಡಬ್ಯಾಡೇನವಾ?” ಎಂದರು ನೀಲವ್ವ. “ಓದಿದಾಕಿ ನೀನು, ನಿನಗ ನಾ ಹೇಳಬೇಕ?”

ವಾದ ಮಾಡಿ ಪ್ರಯೋಜನವಿರಲಿಲ್ಲ. ಕಾರಿನಲ್ಲಿ ಕೂರಿಸಿಕೊಂಡು ಗುಡ್ಡದ ಮೇಲಿನ ಟ್ಯಾಂಕಿಗೆ ಕರೆದುಕೊಂಡು ಹೋದೆ. ಗೋಡೆಯನ್ನು ಗ್ಲೋರಿಯಾ ಬಡಿದಂತೆಯೇ ಬಡಿದು ತೋರಿಸಿದೆ. ಮೇಲಿನದು ನಿಮ್ಮದು, ನಮ್ಮದು, ಎಲ್ಲರದು, ಕೆಳಗಿನದು ಬೆಂಕಿಯ ಪಾಲು, ಈಗ ಅದಕ್ಕೆ ಕೈ ಬೀಳುತ್ತಿದೆ ಎಂದೆ. ಅವರು ಬಹಳ ಹೊತ್ತು ಟ್ಯಾಂಕನ್ನು ಮೇಲೆ ಕೆಳಗೆ ನೋಡಿದರು. ಅಷ್ಟೆತ್ತರದ ಕೊಡ ಯಾವತ್ತೂ ಖಾಲಿಯಾಗದಂತೆ ಇಡುತ್ತೀರೇನು ಎಂದು ಕೇಳಿದರು. ಹೌದು ಎಂದೆ. ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದು ಉಕ್ಕಿನ ಗೋಡೆಗೆ ಮೂರು ಬೆರಳು ಎಳೆದರು.

“ಇಟ್ಟಿದ್ದಕ್ಕ ಕೈ ಹಚ್ಚಬಾರದು,” ಎಂದರು. “ಮದ್ಲ ಯಾಕ ಹೇಳಲಿಲ್ಲ?”

ಮರುದಿನ ಬೆಳಿಗ್ಗೆ ಪರದೆಯ ಗೀಟು ನೆಟ್ಟಗಾಗಿತ್ತು. ಯಾರು ಎಷ್ಟು ಫೋನ್ ಮಾಡಿದರೋ ನಾನು ಕೇಳಲಿಲ್ಲ. ಗ್ಲೋರಿಯಾಗೆ ಕಾರಣ ಹೇಳಿದೆ. ಅವಳು ನಂಬಲಿಲ್ಲ, ಆಮೇಲೆ ನಂಬಿದಳು, ಆಮೇಲೆ ಮುಂದಿನ ವರ್ಷದ ನೋಟಿಸಿನಲ್ಲಿ ‘ದಯವಿಟ್ಟು ತುಂಬಿಡಬೇಡಿ’ ಎಂಬ ಸಾಲು ಸೇರಿಸಿದಳು. ಆ ಸಾಲು ಯಾಕೆ ಬಂತೆಂದು ಅಮೆರಿಕದವರಿಗೆ ಇಂದಿಗೂ ತಿಳಿದಿರಲಾರದು.

2007ರ ಅಕ್ಟೋಬರಿನಲ್ಲಿ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸಿ ಸ್ಯಾನ್ ಡಿಯಾಗೋದ ಗುಡ್ಡಗಳಿಗೆ ಬೆಂಕಿ ಹತ್ತಿತು. ಆ ಕಾಲದಲ್ಲಿ ಅಲ್ಲಿದ್ದವರಿಗೆ ಅದನ್ನು ವರ್ಣಿಸಬೇಕಿಲ್ಲ. ಬೆಳಿಗ್ಗೆಯೇ ಮನೆ ಬಿಡಿ ಎಂದು ಫೋನುಗಳು ಬಂದವು. ನನ್ನ ಗಂಡ ನೆರೆಯವರ ಜೊತೆ ಹೊರಟ, ನಾನು ಕಚೇರಿಯಲ್ಲಿ ಉಳಿದೆ. ಗುಡ್ಡದಂಚಿನ ಪಂಪಿಗೆ ಕರೆಂಟು ಹೋಗಿ, ಆ ಸಣ್ಣ ಟ್ಯಾಂಕಿಗೆ ಹೊಸ ನೀರು ಏರುವುದು ನಿಂತಿತು. ಜನರೇಟರ್ ತರುವ ಲಾರಿ ಹೊಗೆಯಲ್ಲಿ ಸಿಕ್ಕಿಕೊಂಡಿತ್ತು. ಪರದೆಯಲ್ಲಿ ಮಟ್ಟ ಕೆಂಪು ಗೆರೆ ದಾಟಿ ಇಳಿಯತೊಡಗಿತು. ಇಳಿಯಲಿ, ಬೆಂಕಿಯ ಪಾಲು ಬೆಂಕಿಗೆ ಹೋಗುವ ದಿನ ಅದೇ ಅಲ್ಲವೇ. ಆದರೆ ಫೈರ್ ಎಂಜಿನ್ನುಗಳು ಆ ಗುಡ್ಡಕ್ಕೆ ಇನ್ನೂ ಬಂದೇ ಇರಲಿಲ್ಲ.

ಕಾರಣ ಬೇಗ ತಿಳಿಯಿತು. ಮನೆ ಬಿಟ್ಟು ಹೊರಟವರೆಲ್ಲ ಮಾಡಿನ ಮೇಲೆ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಕಟ್ಟಿ, ನಳ ಪೂರ್ತಿ ತಿರುಗಿಸಿ ಹೋಗಿದ್ದರು. ತಮ್ಮ ಮನೆ ಒದ್ದೆಯಾಗಿದ್ದರೆ ಉಳಿದೀತು ಎಂಬ ಆಸೆ, ಯಾರನ್ನು ಬೈಯುವುದು. ಆದರೆ ಎಲ್ಲರ ಮಾಡಿನ ಮೇಲೂ ಹರಿದ ನೀರು ಓಣಿಯ ಹೈಡ್ರಂಟಿಗೆ, ಬೆಂಕಿ ಆರಿಸುವವರ ಕೊಳವೆಗೆ ನೀರು ಕೊಡುವ ರಸ್ತೆಯಂಚಿನ ನಳಕ್ಕೆ, ಉಳಿಯುವುದಿಲ್ಲ. ಎಂಜಿನ್ ಬಂದು ಹೋಸ್ ಜೋಡಿಸಿದಾಗ ನೀರಿನ ಬದಲು ಬರೀ ಗಾಳಿ ಬಂದರೆ ಇಡೀ ಗುಡ್ಡವೇ ಹೋಗುತ್ತದೆ. ಗ್ಲೋರಿಯಾ ಇದ್ದ ಟ್ರಕ್ಕುಗಳನ್ನೆಲ್ಲ ಹೊರಡಿಸಿದಳು, ಒಂದಕ್ಕೆ ತಾನೇ ಹತ್ತಿದಳು, ನಾನು ಪಕ್ಕದಲ್ಲಿ ಕೂತೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡೆ.

ಓಣಿಗಳು ಖಾಲಿ. ಹಗಲಲ್ಲೇ ಕೆಂಪು ಮಬ್ಬು, ಮುಖದ ಮೇಲೆ ಬೂದಿ ಉದುರುತ್ತಿತ್ತು. ಒಂದೊಂದೇ ಮನೆಯ ಮುಂದೆ ಇಳಿದು ಮೀಟರಿನ ಮುಚ್ಚಳ ತೆಗೆದು ವಾಲ್ವ್ ತಿರುಗಿಸುತ್ತ ಹೋದೆವು. ಮಾಡಿನ ಮೇಲೆ ಚಿಮ್ಮುತ್ತಿದ್ದ ನೀರು ಕುಗ್ಗಿ ನಿಲ್ಲುತ್ತಿತ್ತು. ಮನೆಮನೆಗೆ ನೀರು ಮುಟ್ಟಿಸುವುದನ್ನೇ ಕೆಲಸ ಮಾಡಿಕೊಂಡವಳು ಉರಿಯುವ ಊರಿನಲ್ಲಿ ನೀರು ನಿಲ್ಲಿಸುತ್ತ ನಡೆದೆ. ಪಾಟೀಲರ ಮನೆ ಬಂದಾಗ ನನಗೆ ಇಳಿಯಲು ಮನಸ್ಸಾಗಲಿಲ್ಲ. ಆ ಮನೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೆ. ಶಿವಾನಂದ ಎಲ್ಲರಂತೆ ಮಾಡಿನ ಮೇಲೆ ಸ್ಪ್ರಿಂಕ್ಲರ್ ಕಟ್ಟಿದ್ದ. ಅದರಿಂದ ಮಾತ್ರ ನೀರು ಬರುತ್ತಿರಲಿಲ್ಲ. ಮೀಟರ್ ನೋಡಿದೆ, ಮುಳ್ಳು ನಿಂತಿತ್ತು. ಯಾರೋ ಮೊದಲೇ ನಿಲ್ಲಿಸಿ ಹೋಗಿದ್ದರು. ಮೆಟ್ಟಿಲ ಮೇಲೆ ತಾಮ್ರದ ಕೊಡ, ಅದರ ಪಕ್ಕ ಎರಡು ಬಕೆಟ್ಟು, ತುಂಬಿ ತಟ್ಟೆ ಮುಚ್ಚಿಟ್ಟಿದ್ದವು.

ನಾನು ಗ್ಲೋರಿಯಾಗೆ ಕೈಯಿಂದ ತೋರಿಸಿದೆ. ಆ ಓಣಿಯಲ್ಲೇ ಏನು, ನಾವು ಹೋದ ಯಾವ ಓಣಿಯಲ್ಲೂ ಅಂಥ ಇನ್ನೊಂದು ಮನೆ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕ್ ಇಳಿಯುವುದು ನಿಧಾನವಾಯಿತು, ಎಂಜಿನ್ನುಗಳು ಬಂದವು, ಹೈಡ್ರಂಟಿನಲ್ಲಿ ನೀರಿತ್ತು. ಗುಡ್ಡ ಉಳಿಯಿತು. ಪಾಟೀಲರ ಮನೆಯೊಂದು ಉಳಿಯಲಿಲ್ಲ. ಎಂಜಿನ್ ಪಕ್ಕದ ಓಣಿಯಲ್ಲಿದ್ದಾಗ ಗಾಳಿಗೆ ಹಾರಿದ ಕಿಡಿಗಳು ಮಾಡಿನಡಿ ಗಾಳಿಯಾಡಲು ಬಿಟ್ಟ ಜಾಲರಿಯೊಳಗೆ ಹೊಕ್ಕು ಮನೆ ಹತ್ತಿಕೊಂಡಿತಂತೆ. ಅವರ ಮನೆ ಮುಂದಿನ ಹೈಡ್ರಂಟಿನಿಂದಲೇ ಅಕ್ಕಪಕ್ಕದ ಮನೆಗಳನ್ನು ಉಳಿಸಿದರು.

ಊರು ಬಿಟ್ಟವರನ್ನೆಲ್ಲ ದೊಡ್ಡ ಸ್ಟೇಡಿಯಂನಲ್ಲಿ ಇಳಿಸಿದ್ದರು. ಮಾರನೆಯ ದಿನ ನಾನೇ ಹೋಗಿ ಹೇಳಿದೆ. ಸುಮಂಗಲಾ ಮಗಳನ್ನು ತಬ್ಬಿಕೊಂಡು ಅತ್ತಳು. ಶಿವಾನಂದ ಮಡಚುವ ಕುರ್ಚಿಯ ಮೇಲೆ ಕೂತುಬಿಟ್ಟ. ಹೊರಡುವಾಗ ಅವನು ತಿರುಗಿಸಿಟ್ಟ ನಳವನ್ನು ಅವನ ತಾಯಿ ಕಾರಿನಿಂದ ಇಳಿದು ಹೋಗಿ ನಿಲ್ಲಿಸಿ ಬಂದಿದ್ದರಂತೆ. ಎಷ್ಟು ಹೇಳಿದರೂ ಕೇಳಿರಲಿಲ್ಲವಂತೆ.

“ಅಕ್ಕಾರ,” ಎಂದ. “ನೀರ ಬಿಟ್ಟಿದ್ರ ಮನಿ ಉಳೀತಿತ್ತೇನ್ರಿ?”

ಅವನು ಸಿಟ್ಟಿನಿಂದ ಕೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಕಷ್ಟವಾಯಿತು. ಮಾಡಿನ ಮೇಲಿನ ನೀರು ಜಾಲರಿಯೊಳಗೆ ಹೊಕ್ಕ ಕಿಡಿಯನ್ನು ತಡೆಯುವುದಿಲ್ಲ ಎಂದು ಎಂಜಿನಿಯರಿನಂತೆ ಹೇಳಬಹುದಿತ್ತು. ತಡೆದರೂ ತಡೆಯಬಹುದಿತ್ತು. ಗೊತ್ತಿಲ್ಲಪ್ಪ ಎಂದೆ. ಆ ಉತ್ತರ ಇಂದಿಗೂ ಬದಲಾಗಿಲ್ಲ. ನೀಲವ್ವ ಅಷ್ಟು ಹೊತ್ತು ನೆಲ ನೋಡುತ್ತ ಕೂತಿದ್ದವರು ತಲೆಯೆತ್ತಿದರು.

“ಟ್ಯಾಂಕಿನ್ಯಾಗ ನೀರು ಉಳದಿತ್ತೇನವಾ ಗಿರಿಜಾ?”

“ಉಳದಿತ್ರಿ ಅಮ್ಮ. ಅದರಿಂದನ ಬಾಜೂ ಮನಿಗೋಳು ಉಳದುವು.”

“ಅವರ ಮನ್ಯಾಗ ಸಣ್ಣ ಕೂಸು ಐತಿ,” ಎಂದರು ಮಗನಿಗೆ. ಸ್ವಲ್ಪ ಹೊತ್ತಿನ ಮೇಲೆ ತಮ್ಮ ಕೊಡಕ್ಕಾಗಿ ಬಿಕ್ಕಿ ಬಿಕ್ಕಿ ಅತ್ತರು. ತೌರಿನ ಕೊಡ ಅದು. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಕೊಡ ಸಿಕ್ಕಿತು. ಬೂದಿ ಕೆದಕುವಾಗ ಶಿವಾನಂದನಿಗೆ ಅದು ಮೆಟ್ಟಿಲ ಹತ್ತಿರ ಕರ್ರಗಾಗಿ, ಒಂದು ಕಡೆ ತಗ್ಗು ಬಿದ್ದು ಸಿಕ್ಕಿತ್ತು. ಒಳಗಿನ ನೀರು ಆರಿಹೋಗಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು, ಹೊಳಪು ಬಂತು, ತಗ್ಗು ಹಾಗೇ ಉಳಿಯಿತು.

2008ರ ಕೊನೆಗೆ ಅದೇ ಜಾಗದಲ್ಲಿ ಹೊಸ ಮನೆ ಎದ್ದಿತು. ಗೃಹಪ್ರವೇಶಕ್ಕೆ ಮೊದಲು ಗಂಗೆ ಪೂಜೆ ಮಾಡಿ, ತುಂಬಿದ ಕೊಡ ಹೊತ್ತು ಹೊಸ್ತಿಲು ದಾಟಬೇಕು. ಆ ಊರಿನಲ್ಲಿ ಬಾವಿ ಎಲ್ಲಿಂದ ತರುವುದು. ಎಲ್ಲರೂ ಹಿತ್ತಲ ನಳಕ್ಕೇ ಅರಿಸಿನ ಕುಂಕುಮ ಹಚ್ಚಿ ಮುಗಿಸುತ್ತಾರೆ. ನೀಲವ್ವ ಮಾತ್ರ ಪೂಜೆ ಮನೆ ಮುಂದಿನ ಹೈಡ್ರಂಟಿಗೇ ಆಗಬೇಕೆಂದು ಹಟ ಹಿಡಿದರು. ಶಿವಾನಂದ ಮುಜುಗರದಿಂದ ನನಗೆ ಫೋನ್ ಮಾಡಿದ. ನಾನು ಗ್ಲೋರಿಯಾಗೆ ಹೇಳಿದೆ, ಬೈಗುಳ ಕೇಳಲು ತಯಾರಾಗಿಯೇ ಹೇಳಿದೆ. ಅವಳು ಎಷ್ಟು ಗಂಟೆಗೆ ಎಂದಷ್ಟೇ ಕೇಳಿದಳು.

ಆ ಬೆಳಿಗ್ಗೆ ರಸ್ತೆಯಂಚಿನ ಹಳದಿ ಹೈಡ್ರಂಟಿಗೆ ವಿಭೂತಿ, ಕುಂಕುಮ, ಸೇವಂತಿಗೆ ಮಾಲೆ. ಮುಂದೆ ಎಲೆ ಅಡಿಕೆ, ಬಾಳೆಹಣ್ಣು. ಪಕ್ಕದ ಮನೆಯ ಅಮೆರಿಕನ್ ದಂಪತಿಗಳು ಕೂಸನ್ನೆತ್ತಿಕೊಂಡು ಬಂದು, ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಬಿಟ್ಟು ನಿಂತಿದ್ದರು. ಗ್ಲೋರಿಯಾ ಟ್ರಕ್ಕಿನಿಂದ ಇಳಿದಳು. ಅವಳ ಕೈಯಲ್ಲಿ ಹೈಡ್ರಂಟ್ ತೆರೆಯುವ ದೊಡ್ಡ ಸ್ಪ್ಯಾನರ್ ಇತ್ತು. ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿಲ್ಲದ ಹೈಡ್ರಂಟ್ ಅದು. ಈ ಮನೆಯವರಿಗೆ ಇದರಿಂದ ಒಂದು ಕೊಡ ನೀರು ಕೊಡುವುದು ನಮಗೆ ಗೌರವ ಎಂದು ಹೇಳು ಎಂದಳು. ನಾನು ಹೇಳಿದೆ. ನೀಲವ್ವ ಸ್ಪ್ಯಾನರನ್ನು ನೋಡಿ, ಮುಂದೆ ಬಂದು ಗ್ಲೋರಿಯಾಳ ಕೈ ಹಿಡಿದು ತಡೆದರು.

“ಬ್ಯಾಡ ತಂಗಿ. ಅದು ಬೆಂಕಿದು. ನಮ್ಮ ಪಾಲು ಒಳಗ ಐತಿ.”

ಹೈಡ್ರಂಟಿಗೆ ಆರತಿ ಬೆಳಗಿ ಕೈಮುಗಿದರು. ತಗ್ಗು ಬಿದ್ದ ಖಾಲಿ ಕೊಡವನ್ನು ಎತ್ತಿಕೊಂಡು ಹಿತ್ತಲ ಕಡೆಗೆ ನಡೆದರು. ಅಲ್ಲಿಯ ನಳದಿಂದ ಕೊಡ ತುಂಬಿಸಿ, ಸೊಸೆಯ ಸೊಂಟಕ್ಕೆ ಕೊಟ್ಟು ಒಳಗೆ ಕಳಿಸಿದರು.

ಅವರು ಏನು ಹೇಳಿದರು ಎಂದು ಗ್ಲೋರಿಯಾ ಕೇಳಿದಳು. ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಸ್ಪ್ಯಾನರನ್ನು ಟ್ರಕ್ಕಿನಲ್ಲಿ ಇಟ್ಟು ಬಂದಳು. ಎಲ್ಲರೂ ಹೊಸ್ತಿಲ ಕಡೆ ಹೋಗಿದ್ದರು, ರಸ್ತೆಯಲ್ಲಿ ನಾವಿಬ್ಬರೇ. ಪ್ಯಾಂಟಿನ ಜೇಬು ತಡಕಿ, ಒಂದು ಕ್ವಾರ್ಟರ್ ನಾಣ್ಯ ತೆಗೆದು, ಬಗ್ಗಿ, ಹೈಡ್ರಂಟಿನ ಬುಡದಲ್ಲಿ ಸೇವಂತಿಗೆಯ ಪಕ್ಕ ಇಟ್ಟಳು. ಬರಿಗೈಯಲ್ಲಿ ಥ್ಯಾಂಕ್ಸ್ ಹೇಳಿದ್ದರೂ ಸಾಕಿತ್ತು ಎಂದು ನಾನು ಕೀಟಲೆ ಮಾಡಿದೆ. ಸುಮ್ಮನಿರು ಎಂದಳು.

ಒಳಗಿನಿಂದ ಹಾಲು ಉಕ್ಕಿತೆಂದು ಸುಮಂಗಲಾ ಕರೆದಳು. ನಾವಿಬ್ಬರೂ ಮೆಟ್ಟಿಲ ಮೇಲಿದ್ದ ಬಕೆಟ್ಟಿನಿಂದ ಒಂದೊಂದೇ ಚೊಂಬು ನೀರಿನಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದೆವು.